ಚೀಲದೊಳಗಿನ ಮಗು

ಟೈಲರಮ್ಮನ ಅಂಗಡಿಯಲ್ಲಿ ಬಾಯಿಲ್ಲದವರು ಇಬ್ಬರಿದ್ದರು. ಉಣ್ಣುವವರಲ್ಲ, ಉಡಿಸಿದ್ದನ್ನು ಉಟ್ಟುಕೊಂಡು ನಿಲ್ಲುವವರು. ಗಾಜಿನ ಕಪಾಟಿನ ಬಲಕ್ಕೆ ಆಳೆತ್ತರದ ಹೆಣ್ಣು ಬೊಂಬೆ, ಅದರ ಮಗ್ಗುಲಿಗೆ ಆರೇಳು ವರ್ಷದ ಕೂಸಿನಷ್ಟೆತ್ತರದ ಇನ್ನೊಂದು. ಅಂಗಡಿ ತೆರೆದ ದಿನವೇ ಅಕ್ಕ ಅವಕ್ಕೆ ಹೆಸರಿಟ್ಟಿದ್ದಳು. ದೊಡ್ಡದು ಅಮ್ಮ, ಚಿಕ್ಕದು ಮಗು. ಹನ್ನೆರಡು ವರ್ಷವಾದರೂ ಅಕ್ಕತಂಗಿಯರ ಬಾಯಲ್ಲಿ ಬೇರೆ ಹೆಸರು ಬಂದಿರಲಿಲ್ಲ. ‘ಅಮ್ಮನಿಗೆ ಆ ಹಸಿರು ಗೌನು ಹಾಕು’, ‘ಮಗೂನ ಬಿಸಿಲಲ್ಲಿ ನಿಲ್ಲಿಸಬೇಡ, ಬಣ್ಣ ಹೋಗುತ್ತೆ’ ಎಂದು ಅವರು ಮಾತಾಡಿಕೊಳ್ಳುವುದನ್ನು ಕೇಳಿ ಹೊಸ ಗಿರಾಕಿಗಳು ಮೊದಲು ಬೆಚ್ಚುತ್ತಿದ್ದರು, ಆಮೇಲೆ ನಗುತ್ತಿದ್ದರು.

ಅಕ್ಕ ಬಟ್ಟೆ ಕತ್ತರಿಸುವವಳು, ತಂಗಿ ಹೊಲಿಯುವವಳು. ಬೀದಿಗೆಲ್ಲ ಟೈಲರಮ್ಮ ಎಂದರೆ ಈ ತಂಗಿಯೇ. ಆ ವಾರ ಅಕ್ಕ ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದಳು. ಶಾಲೆಗಳು ಶುರುವಾಗುವ ಕಾಲ. ಸಮವಸ್ತ್ರದ ಬಟ್ಟೆ ಮೇಜಿನ ಮೇಲೆ ಗೋಡೆಯಂತೆ ಎದ್ದಿತ್ತು. ಒಂಟಿ ಕೈಗೆ ನೂರು ಕೆಲಸ. ಅದರ ನಡುವೆ ಯಾವುದೋ ಗಿರಾಕಿಯ ಮಗ ಬೊಂಬೆಯ ಕೈ ಹಿಡಿದು ಜೋತಾಡಿ, ಮಗುವಿನ ಎಡಗೈ ಭುಜದಿಂದ ಕಿತ್ತು ಬಂದಿತ್ತು.

ಮಂಗಳವಾರ ಮಧ್ಯಾಹ್ನ ಚೀಲದ ತಾತ ಬಂದ. ಮುರಿದ ಬೊಂಬೆಗಳನ್ನು ಕೂಡಿಸಿ, ಮೆತ್ತಿ, ಬಣ್ಣ ಬಳಿದು ಕೊಡುವುದು ಅವನ ಕಸುಬು. ಹೆಗಲಲ್ಲಿ ಗೋಣಿಚೀಲ, ಉಗುರಿನ ಸಂದಿಯಲ್ಲಿ ಎಂದೂ ಹೋಗದ ಸುಣ್ಣ. ಬಟ್ಟೆ ಅಂಗಡಿಗಳಿರುವ ಬೀದಿಗಳಲ್ಲೆಲ್ಲ ವಾರಕ್ಕೊಂದು ಸಲ ಸುತ್ತುತ್ತಿದ್ದ. ಟೈಲರಮ್ಮ ಕೊಟ್ಟ ನೀರು ಕುಡಿದು, ಬೊಂಬೆಯ ಎದುರು ಕುಕ್ಕರಗಾಲಲ್ಲಿ ಕೂತು ವಿಚಾರಿಸಿದ.

“ಏನು ಮಗಾ, ಯಾರ ಜತೆ ಕುಸ್ತಿಗಿಳಿದಿದ್ದೆ?”

ಬೊಂಬೆ ಎಂದಿನಂತೆ ಸುಮ್ಮನಿತ್ತು. ತಾತ ಅದನ್ನು ಜೋಪಾನವಾಗಿ ಚೀಲಕ್ಕಿಳಿಸಿ, ಕಿತ್ತ ಕೈಯನ್ನೂ ಹಾಕಿಕೊಂಡು, ಶುಕ್ರವಾರ ನಾಲ್ಕು ಗಂಟೆಗೆ ತರುತ್ತೇನೆಂದ. ತಡವಾದರೆ ಫೋನ್ ಮಾಡಲು ನಂಬರ್ ಇದೆಯೇ ಎಂದು ಅವಳು ಕೇಳಿದಳು. “ನನ್ನ ಕರೆಯೋನು ಮೇಲಿರೋನು ಒಬ್ಬನೇ ಕಣಮ್ಮ,” ಎಂದು ತಾತ ನಕ್ಕ. “ಅವನಿಗೆ ನಂಬರ್ ಬೇಡ.”

ಅವನು ಹೋದ ಮೇಲೆ ಅಕ್ಕನಿಗೆ ವಿಷಯ ತಿಳಿಸಬೇಕಲ್ಲ. ಕೈಯಲ್ಲಿ ಬಟ್ಟೆ, ತುಟಿಗಳ ನಡುವೆ ನಾಲ್ಕು ಗುಂಡುಸೂಜಿ, ಕಾಲ ಕೆಳಗೆ ಮಷೀನು. ಹೊಲಿಯುವವರು ಸೂಜಿ ಕಚ್ಚಿಕೊಂಡೇ ಸಂಸಾರದ ಕಥೆಯನ್ನೆಲ್ಲ ಹೇಳಬಲ್ಲರು. ಅವಳು ಮೊಣಕೈಯಿಂದ ಮೊಬೈಲನ್ನು ಹತ್ತಿರಕ್ಕೆ ಸರಿಸಿ, ಗುಂಡಿ ಒತ್ತಿ ಹಿಡಿದು, ಮಷೀನು ತುಳಿಯುತ್ತಲೇ ಮಾತು ಕಳಿಸಿದಳು: “ಅಕ್ಕಾ, ಚೀಲದ ತಾತ ಬಂದಿದ್ದ. ಮಗೂನ ಚೀಲಕ್ಕೆ ಹಾಕ್ಕೊಂಡು ಹೋದ. ಕೈ ಮುರಿದು ಹೋಗಿತ್ತಲ್ಲ, ನೋಡೋಕೇ ಆಗ್ತಿರಲಿಲ್ಲ. ಅಮ್ಮ ಒಬ್ಳೇ ನಿಂತಿದ್ದಾಳೆ, ಪಾಪ. ಶುಕ್ರವಾರ ತಂದ್ಕೊಡ್ತಾನಂತೆ.”

ಕಳಿಸಿದ ಮೇಲೆ ನೋಡಿದರೆ ಅದು ಅಕ್ಕನಿಗೆ ಹೋಗಿರಲಿಲ್ಲ. ತೊಂಬತ್ತು ಜನರಿರುವ ಗಿರಾಕಿಗಳ ಗ್ರೂಪಿಗೆ ಹೋಗಿತ್ತು. ಅಯ್ಯೋ ನನ್ನ ಕೈಯೇ ಎಂದುಕೊಂಡು ಅಳಿಸಿ, ಅಕ್ಕನಿಗೆ ಇನ್ನೊಂದು ಸಲ ಹೇಳಿ ಕಳಿಸಿದಳು. ಐದು ನಿಮಿಷದ ಮಾತು. ಆ ಐದು ನಿಮಿಷದಲ್ಲಿ ಯಾರು ಕೇಳಿದರು, ಯಾರು ಎತ್ತಿಟ್ಟುಕೊಂಡರು ಎಂದು ಅವಳು ಯೋಚಿಸಲಿಲ್ಲ. ಕೊಳಕ್ಕೆ ಎಸೆದ ಕಲ್ಲನ್ನು ಮುಳುಗಿ ತೆಗೆದರೂ ಎದ್ದ ಅಲೆ ದಡ ಮುಟ್ಟಿಯೇ ಮುಟ್ಟುತ್ತದೆ.

ಗುರುವಾರ ಬೆಳಿಗ್ಗೆ ಆ ಅಲೆ ಅವಳ ಅಡುಗೆಮನೆಗೇ ಬಂದು ತಾಕಿತು. ಆದರೆ ಅದು ತಾನು ಎಸೆದ ಕಲ್ಲಿನದೆಂದು ಗುರುತಿಸುವಂತಿರಲಿಲ್ಲ.

ಮಗಳ ಶಾಲೆಯ ಗ್ರೂಪಿನಲ್ಲಿ ಒಂದು ಸಂದೇಶ. ಮೇಲೆ ಕೆಂಪು ದೀಪದ ಪುಟ್ಟ ಚಿತ್ರಗಳ ಸಾಲು. ‘ಊರಿಗೆ ಮಕ್ಕಳ ಕಳ್ಳರು ಬಂದಿದ್ದಾರೆ. ಮುದುಕನ ವೇಷ, ಹೆಗಲಲ್ಲಿ ಗೋಣಿಚೀಲ. ಈಗಾಗಲೇ ಒಂದು ಮಗು ಹೋಗಿದೆ. ಕೈ ಮುರಿದು ಚೀಲಕ್ಕೆ ತುಂಬಿದ್ದಾನೆ. ತಾಯಿಯ ಅಳುವನ್ನು ನೀವೇ ಕೇಳಿ. ಇದನ್ನು ಅಳಿಸಿ ಹಾಕುವ ಪ್ರಯತ್ನ ನಡೆದಿದೆ. ಹೆತ್ತ ಕರುಳಿದ್ದರೆ ಎಲ್ಲರಿಗೂ ಕಳಿಸಿ. ನಾಳೆ ನಿಮ್ಮ ಮನೆ.’ ಕೆಳಗೆ ಮಸುಕಾದ ಒಂದು ಚಿತ್ರ. ಯಾವುದೋ ಗೋಡೆಯ ಬುಡದಲ್ಲಿ ಯಾವುದೋ ಮಗುವಿನ ಒಂಟಿ ಚಪ್ಪಲಿ. ಅದರ ಕೆಳಗೆ ಒತ್ತಿದರೆ ಕೇಳಿಸುವ ಧ್ವನಿ.

ಟೈಲರಮ್ಮ ಅದನ್ನು ಎರಡು ಸಲ ಓದಿದಳು. ಒಲೆಯ ಮೇಲೆ ಹಾಲು ಉಕ್ಕಿತು. ಹಿಂದಿನ ಕೋಣೆಯಲ್ಲಿ ಏಳು ವರ್ಷದ ಪುಟ್ಟಿ ಶಾಲೆಯ ಪದ್ಯ ಗುನುಗುತ್ತ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದಳು. ತಾಯಿಯ ಕಣ್ಣು ಪರದೆಯ ಮೇಲಿದ್ದ ಒಂಟಿ ಚಪ್ಪಲಿಯಿಂದ ಮಗಳ ಒಂಟಿ ಬೂಟಿಗೆ ಹೋಗಿ ಅಲ್ಲೇ ನಿಂತಿತು.

ಧ್ವನಿಯನ್ನು ಅವಳು ಕೇಳಲಿಲ್ಲ. ಬೆರಳು ಅದರ ಮೇಲೆ ಹೋಗಿ ಹಿಂದಕ್ಕೆ ಬಂತು. ಮಗು ಕಳೆದುಕೊಂಡ ತಾಯಿಯ ಅಳು ಕೇಳಿ ಬದುಕುವುದು ಹೇಗೆ? ಕೇಳಲು ಧೈರ್ಯ ಬಾರದ್ದನ್ನು ಹಂಚಲು ಮಾತ್ರ ಧೈರ್ಯ ಬಂತು. ಭಯ ಹಾಗೆಯೇ, ಒಬ್ಬರೇ ಹೊತ್ತುಕೊಂಡರೆ ಬೆನ್ನು ಮುರಿಯುತ್ತದೆ, ನಾಲ್ವರಿಗೆ ಹಂಚಿದರೆ ಹಗುರವಾಯಿತು ಅನ್ನಿಸುತ್ತದೆ. ಹಗುರವಾಗುವುದಿಲ್ಲ, ನಾಲ್ಕಾಗುತ್ತದೆ.

ಮೂವರಿಗೆ ಕಳಿಸಿದಳು. ನಾದಿನಿಗೆ, ಪಕ್ಕದ ಮನೆಯ ನರ್ಸಿಗೆ, ಮಾರುಕಟ್ಟೆಯ ಬಾಯಲ್ಲಿ ಸೊಪ್ಪು ಮಾರುವ ಸೊಪ್ಪಿನಕ್ಕನಿಗೆ. ಸೊಪ್ಪಿನಕ್ಕನ ಮೊಮ್ಮಕ್ಕಳು ದಿನವಿಡೀ ಬುಟ್ಟಿಗಳ ನಡುವೆಯೇ ಆಡುತ್ತಿರುತ್ತವೆ. ಅಷ್ಟರಲ್ಲಿ ಇನ್ನೊಂದು ಯೋಚನೆ, ಬಾಗಿಲ ಸಂದಿಯಲ್ಲಿ ಹರಿದ ಹುಳದಂತೆ, ತಣ್ಣಗೆ ಒಳಗೆ ಬಂತು. ಗೋಣಿಚೀಲ. ಮುದುಕ. ಹನ್ನೆರಡು ವರ್ಷದಿಂದ ಬರುತ್ತಾನೆ, ನಿಜ. ಆದರೆ ಅವನ ಮನೆ ಎಲ್ಲಿ? ಹೆಂಡತಿ ಮಕ್ಕಳಿದ್ದಾರೆಯೇ? ಒಂದು ನಂಬರನ್ನೂ ಇಟ್ಟುಕೊಳ್ಳದ ಮನುಷ್ಯ ಯಾಕೆ ಇಟ್ಟುಕೊಳ್ಳುವುದಿಲ್ಲ? ಮೊನ್ನೆ ನಗಿಸಿದ ಮಾತು ಇವತ್ತು ಬೇರೆ ಬಣ್ಣದಲ್ಲಿ ಕಾಣಿಸಿತು. ಸೊಪ್ಪಿನಕ್ಕನಿಗೆ ಕಳಿಸಿದ್ದರ ಕೆಳಗೆ ತನ್ನದೊಂದು ಸಾಲು ಸೇರಿಸಿದಳು: ‘ನಮ್ಮ ಕಡೆಗೂ ಒಬ್ಬ ಚೀಲದ ಮುದುಕ ಬರ್ತಾನೆ. ಶುಕ್ರವಾರ ನಾಲ್ಕು ಗಂಟೆಗೆ ಬರ್ತೀನಿ ಅಂದಿದ್ದಾನೆ. ಒಂದು ಕಣ್ಣಿಟ್ಟಿರಿ.’

ಪುಟ್ಟಿಯನ್ನು ಅವತ್ತು ಶಾಲೆಗೆ ಕಳಿಸಲಿಲ್ಲ. ಮರುದಿನವೂ ಇಲ್ಲ. ಕಿಟಕಿ ಮುಚ್ಚಿದಳು, ಹಿಂಬಾಗಿಲಿಗೆ ಅಗುಳಿ ಹಾಕಿದಳು. ಅಂಗಡಿಯ ಬಟ್ಟೆಯನ್ನು ಮನೆಗೇ ತಂದು ಕೈಯಲ್ಲಿ ಗುಂಡಿ ಹಚ್ಚುತ್ತ ಕೂತಳು. ಬೀದಿಯಲ್ಲಿ ಮಕ್ಕಳ ಸದ್ದೇ ಇರಲಿಲ್ಲ. ಹಗಲು ಹೊತ್ತಿನಲ್ಲಿ ಮಕ್ಕಳಿಲ್ಲದ ಬೀದಿ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ. ಗಳಿಗೆಗೊಂದು ಸಲ ಮೊಬೈಲು ಗುನುಗುತ್ತಿತ್ತು. ಒಂದು ಮಗು ಎರಡಾಯಿತು, ಎರಡು ಏಳಾಯಿತು. ಸೈಕಲ್ ರಿಪೇರಿಯವನು ಕಣ್ಣಾರೆ ಕಂಡನಂತೆ. ಕಂಡವನನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ.

ಶುಕ್ರವಾರ ಊಟವಾದ ಮೇಲೆ ಅತ್ತೆ ಕಂಬಕ್ಕೊರಗಿ ಕೂತಿದ್ದರು. ಅವರಿಗೆ ಕಣ್ಣು ಮಂದ, ಮೊಬೈಲು ಅವರ ಪಾಲಿಗೆ ಇಡೀ ದಿನ ಚೀರುವ ಒಂದು ಜೀರುಂಡೆ. ಎರಡು ದಿನದಿಂದ ಮನೆಯನ್ನು ಯಾಕೆ ಡಬ್ಬಿಯ ಹಾಗೆ ಮುಚ್ಚಿದ್ದೀಯೆ ಎಂದು ಸೊಸೆಯನ್ನು ಕೇಳಿದರು. ಸೊಸೆ ಎಲ್ಲವನ್ನೂ ಹೇಳಿದಳು. ಅತ್ತೆ ಕೊನೆಯವರೆಗೂ ಕೇಳಿಸಿಕೊಂಡು ಒಂದೇ ಮಾತು ಕೇಳಿದರು.

“ಯಾರ ಮಗು?”

“ಯಾರದೋ ಅತ್ತೆ. ಪಾಪ, ಯಾವ ತಾಯಿಯೋ.”

“ಯಾವ ಮನೆ? ಅಪ್ಪ ಯಾರು? ಎರಡು ದಿನದಿಂದ ಊರೆಲ್ಲ ಅಳ್ತಾ ಇದೆ ಅಂತೀಯ, ಯಾರ ಮನೆ ಮುಂದೆ ನಿಂತು ಅಳ್ತಾ ಇದ್ದಾರೆ? ನಮ್ಮ ಕಾಲದಲ್ಲಿ ಒಂದು ಕರು ಕಳೆದ್ರೂ ಯಾರ ಮನೆ ಕರು, ಹಣೆ ಮೇಲೆ ಚುಕ್ಕಿ ಇತ್ತಾ ಅಂತ ಕೇಳ್ತಿದ್ರು. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರು ಆಗ್ಲೂ ಇದ್ರು ಬಿಡು. ಆದ್ರೆ ಅವರನ್ನ ನೋಡಿ ನಗ್ತಾ ಇದ್ವಿ.”

“ತಾಯಿ ಧ್ವನಿನೇ ಇದೆ ಅತ್ತೆ.”

“ಕೇಳಿದ್ಯಾ?”

ಇಲ್ಲ ಎಂದಳು ಟೈಲರಮ್ಮ. ತಾಯಿ ಅತ್ತುಕೊಂಡು ಹೇಳುವಾಗ ಊರ ಹೆಸರೋ ಬೀದಿಯ ಹೆಸರೋ ಬಾಯಿಗೆ ಬಂದಿರಬೇಕು, ಹಾಕು, ನನಗೆ ಕಿವಿ ಚುರುಕಿದೆ, ಕೇಳುತ್ತೇನೆ ಎಂದರು ಅತ್ತೆ. ಅವಳು ಒತ್ತಿದಳು.

ಮೊದಲು ಕಟಕಟ ಸದ್ದು. ಆಮೇಲೆ ಬಿಗಿದ ಗಂಟಲಿನ, ತುಟಿ ತೆರೆಯಲಾರದ ಒಂದು ಹೆಣ್ಣು ಧ್ವನಿ. ‘ಮಗೂನ ಚೀಲಕ್ಕೆ ಹಾಕ್ಕೊಂಡು ಹೋದ. ಕೈ ಮುರಿದು ಹೋಗಿತ್ತಲ್ಲ, ನೋಡೋಕೇ ಆಗ್ತಿರಲಿಲ್ಲ. ಅಮ್ಮ ಒಬ್ಳೇ ನಿಂತಿದ್ದಾಳೆ, ಪಾಪ.’ ಅಷ್ಟೇ. ಮುಂದಿನದನ್ನು ಯಾರೋ ಕತ್ತರಿಸಿದ್ದರು.

ಅತ್ತೆ ಮುಖ ಎತ್ತಿದರು. “ಇದು ನಿನ್ನ ಧ್ವನಿ ಅಲ್ವೇನೇ?”

ಅವಳು ಮತ್ತೊಮ್ಮೆ ಒತ್ತಿದಳು. ತನ್ನದೇ ಮಷೀನು, ತನ್ನದೇ ಸೂಜಿ ಕಚ್ಚಿದ ತುಟಿ. ಇಡೀ ಊರು ಬಾಗಿಲು ಹಾಕಿಕೊಂಡು ಹೆದರುತ್ತಿದ್ದುದು ಒಂದು ಬೊಂಬೆಯ ಕೈಗೆ. ಕಳೆದುಹೋದ ಮಗು ಇರಲೇ ಇಲ್ಲ. ಆದರೆ ಚೀಲ ಹೊತ್ತ ಮುದುಕ ಇದ್ದ. ಅವನು ಇಂಥ ದಿನ, ಇಂಥ ಹೊತ್ತಿಗೆ ಬರುತ್ತಾನೆಂದು ಊರಿಗೆ ಹೇಳಿಕೊಟ್ಟವಳೂ ತಾನೇ. ಗೋಡೆಯ ಗಡಿಯಾರ ಮೂರೂಮುಕ್ಕಾಲು ತೋರಿಸುತ್ತಿತ್ತು.

ಸೊಪ್ಪಿನಕ್ಕನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ಆಗಷ್ಟೇ ಕೆಲಸದಿಂದ ಬಂದ ಗಂಡನಿಗೆ ಒಂದೇ ಉಸಿರಿನಲ್ಲಿ ಹೇಳಿದಾಗ ಅವನು ಬಾಗಿಲಿಗೆ ಅಡ್ಡ ನಿಂತ. ನೀರಿನ ಪಂಪು ನಡೆಸುವವನು, ಕೆಟ್ಟವನಲ್ಲ, ಹೆದರಿದವನು. ಅಳಿಸಿಬಿಡು, ಗ್ರೂಪಿನಿಂದ ಹೊರಗೆ ಬಾ, ನಿನ್ನ ಧ್ವನಿ ಅಂತ ಯಾರಿಗೂ ಗೊತ್ತಿಲ್ಲ ಎಂದ. ಪೊಲೀಸು, ಕೇಸು, ಹೆಣ್ಣುಮಗಳಿರುವ ಮನೆ ಎಂದ. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ.

“ಅಲ್ಲಿ ಹೋಗಿ ನಂದೇ ಅಂದ್ರೆ ಏನಾಗುತ್ತೆ ಗೊತ್ತಾ? ಅವನ್ನ ಬಿಟ್ಟು ನಿನ್ನ ಹಿಡ್ಕೊತಾರೆ.”

“ಗೊತ್ತು,” ಎಂದಳು ಅವಳು. “ಬಾಗಿಲು ಬಿಡಿ.”

ಅವನು ಬಿಡುವ ಮೊದಲೇ ಅತ್ತೆ ಒಳಗಿನಿಂದ ಮಗನ ಹೆಸರು ಹಿಡಿದು ಕೂಗಿದರು. ಅವನು ಸರಿದು ನಿಂತ.

ತಾತ ಅಂಗಡಿಗೆ ಬರುವುದು ಮಾರುಕಟ್ಟೆಯ ಮೇಲೆಯೇ, ಅದು ಮನೆಯಿಂದ ಎಂಟು ನಿಮಿಷದ ದಾರಿ. ಓಡುತ್ತ ಅವಳು ದೇವರನ್ನು ಬೇಡಿದಳು. ತಾತನಿಗೆ ಇವತ್ತು ಜ್ವರ ಬಂದಿರಲಿ, ಬಣ್ಣ ಒಣಗದಿರಲಿ, ಶುಕ್ರವಾರ ಎಂಬುದು ಮರೆತು ಹೋಗಿರಲಿ. ಆದರೆ ಆ ಮುದುಕ ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಕೊಟ್ಟ ಮಾತು ತಪ್ಪಿದವನಲ್ಲ.

ತಿರುವಿನಲ್ಲೇ ಸದ್ದು ಕೇಳಿಸಿತು. ಜಾತ್ರೆಯ ಗದ್ದಲವಲ್ಲ, ಜಗಳದ್ದಲ್ಲ. ಜೇನು ಎದ್ದಾಗ ಬರುವಂಥದು. ಮಾರುಕಟ್ಟೆ ಎದುರಿನ ಬಸ್ ನಿಲ್ದಾಣದ ದೀಪದ ಕಂಬಕ್ಕೆ ಗೋಣಿಚೀಲ ಒರಗಿಸಿತ್ತು. ಅದರ ಬಾಯಿಂದ ಒಂದು ಪುಟ್ಟ ಕೈ ಹೊರಗೆ ಚಾಚಿತ್ತು. ಹೊಸದಾಗಿ ಬಣ್ಣ ಬಳಿದ, ಜೀವವಿದ್ದಂತೆಯೇ ಕಾಣುವ ಐದು ಬೆರಳು. ಚೀಲದ ಸುತ್ತ ಹತ್ತು ಹೆಜ್ಜೆಯಷ್ಟು ಜಾಗ ಖಾಲಿ. ಐವತ್ತು ಜನ ಸೇರಿದ್ದರು, ಐವತ್ತು ಜನರಲ್ಲಿ ಒಬ್ಬರಿಗೂ ಚೀಲದ ಬಾಯಿ ಬಿಚ್ಚುವ ಧೈರ್ಯವಿರಲಿಲ್ಲ. ಮುಟ್ಟಬೇಡಿ, ಪೊಲೀಸರು ಬರಲಿ, ನೋಡಬೇಡಿ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಹೊಡೆಯಲು ಮಾತ್ರ ಯಾರಿಗೂ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ.

ತಾತ ನೆಲದ ಮೇಲಿದ್ದ. ಹಣೆಯಿಂದ ಇಳಿದ ರಕ್ತ ಬಿಳಿ ಹುಬ್ಬಿಗೆ ಅಂಟಿತ್ತು. ಟೈರ್ ಅಂಗಡಿಯ ಆಳು ಅವನ ಅಂಗಿಯ ಕತ್ತುಪಟ್ಟಿ ಹಿಡಿದು ಜಗ್ಗುತ್ತ, ಚೀಲದಲ್ಲಿ ಏನಿದೆ ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ತಾತ ಮತ್ತೆ ಮತ್ತೆ ನಿಜವನ್ನೇ ಹೇಳುತ್ತಿದ್ದ. ತನಗೆ ಗೊತ್ತಿದ್ದ ಮಾತಿನಲ್ಲಿ ಹೇಳುತ್ತಿದ್ದ.

“ಮಗು ಸ್ವಾಮಿ. ಟೈಲರಮ್ಮನ ಮಗು. ಕೈ ಮುರಿದಿತ್ತು, ನಾನೇ ಕೂಡಿಸಿದ್ದೀನಿ.”

ಒಂದೊಂದು ಸಲ ಅವನು ಹಾಗೆಂದಾಗಲೂ ಒಂದೊಂದು ಏಟು ಬೀಳುತ್ತಿತ್ತು.

ಟೈಲರಮ್ಮ ಹಿಂದಕ್ಕೆ ಹೋಗಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಕಾಲು ಒಂದು ಹೆಜ್ಜೆ ಹೋಗಿಯೂ ಹೋಯಿತು. ಅಷ್ಟರಲ್ಲಿ ಗುಂಪಿನ ಮುಂದೆ ಮೊಬೈಲು ಹಿಡಿದು ನಿಂತಿದ್ದ ಸೊಪ್ಪಿನಕ್ಕನ ಕಣ್ಣಿಗೆ ಬಿದ್ದಳು. “ಬಂದ್ರು, ಟೈಲರಮ್ಮ ಬಂದ್ರು. ಇವರೇ ನನಗೆ ಹೇಳಿದ್ದು, ಶುಕ್ರವಾರ ಬರ್ತಾನೆ ಅಂತ,” ಎಂದು ಸೊಪ್ಪಿನಕ್ಕ ಎಲ್ಲರಿಗೂ ಕೇಳುವಂತೆ ಹೇಳಿದಳು. ಗುಂಪು ದಾರಿ ಬಿಟ್ಟಿತು. ಟೈರ್ ಅಂಗಡಿಯವನು ತಾತನ ಮುಖವನ್ನು ಗಲ್ಲ ಹಿಡಿದು ಎತ್ತಿ ತೋರಿಸಿದ.

“ಹೇಳಮ್ಮ. ಇವನೇ ಅಲ್ವಾ?”

ತಾತ ಅವಳನ್ನು ನೋಡಿದ. ಆ ನೋಟದಲ್ಲಿ ನೆಮ್ಮದಿಯಿತ್ತು. ಅದೇ ಅವಳನ್ನು ಕೊಂದಿತು. ಅವಳು ಬಂದಳಲ್ಲ, ಇನ್ನು ಎಲ್ಲ ಸರಿಹೋಯಿತು ಎಂದುಕೊಂಡಿದ್ದ ಅವನು. ಹೌದು ಎಂದರೂ ಅಲ್ಲ ಎಂದರೂ ಈ ಜನ ಅರ್ಧ ಮಾತನ್ನೇ ಹಿಡಿದುಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ಅವಳು ಆ ಖಾಲಿ ಜಾಗದೊಳಕ್ಕೆ ನಡೆದಳು. ಮುಟ್ಟಬೇಡ ಎಂದು ಹತ್ತು ಬಾಯಿ ಕೂಗಿದವು. ಒಬ್ಬ ಹೆಂಗಸು ಕಣ್ಣು ಮುಚ್ಚಿಕೊಂಡಳು. ಟೈಲರಮ್ಮ ಆ ಪುಟ್ಟ ಕೈಯನ್ನು ಹಿಡಿದು, ಚೀಲವನ್ನು ಕೆಳಕ್ಕೆ ಜಾರಿಸಿ, ಮಗುವನ್ನು ಕಂಬದ ಬುಡದಲ್ಲಿ ನಿಲ್ಲಿಸಿದಳು.

ಬೊಂಬೆ ಎಲ್ಲರನ್ನೂ ಒಂದೇ ಸಮನೆ ನೋಡುತ್ತ ನಗುತ್ತಿತ್ತು.

ಆದರೆ ಹೆದರಿಕೆ ಅಷ್ಟು ಬೇಗ ಮನೆ ಖಾಲಿ ಮಾಡುವ ಬಾಡಿಗೆದಾರನಲ್ಲ. ಹಿಂದಿನಿಂದ ಒಬ್ಬ, ಸರಿ, ಇದು ಬೊಂಬೆ, ಹಾಗಾದರೆ ನಿಜವಾದ ಮಗು ಎಲ್ಲಿ ಎಂದ. ಆ ತಾಯಿ ಅಳುವುದನ್ನು ನಾನೇ ಕೇಳಿದ್ದೇನೆ ಎಂದಳು ಇನ್ನೊಬ್ಬಳು. ಗುಂಪು ಮತ್ತೆ ಗುಂಯ್ಗುಡಲು ಶುರುವಾಯಿತು.

ಟೈಲರಮ್ಮ ತನ್ನ ಅಂಗಿಯ ಅಂಚಿನಿಂದ ಗುಂಡುಸೂಜಿಗಳನ್ನು ಕಿತ್ತಳು. ಹೊಲಿಯುವವರ ಮೈಮೇಲೆ ಸೂಜಿ ಇಲ್ಲದ ಹೊತ್ತಿಲ್ಲ. ನಾಲ್ಕನ್ನು ತುಟಿಗಳ ನಡುವೆ ಕಚ್ಚಿಕೊಂಡು ಸೊಪ್ಪಿನಕ್ಕನಿಗೆ ಸನ್ನೆ ಮಾಡಿದಳು. ಆ ಧ್ವನಿಯನ್ನು ಜೋರಾಗಿ ಹಾಕು. ಸೊಪ್ಪಿನಕ್ಕ ಏನೂ ತಿಳಿಯದೆ ಹಾಕಿದಳು. ‘ಮಗೂನ ಚೀಲಕ್ಕೆ ಹಾಕ್ಕೊಂಡು ಹೋದ...’ ಧ್ವನಿ ಮುಗಿದ ಮರುಗಳಿಗೆಯೇ ಅವಳು ಅದೇ ಮಾತನ್ನು ಅದೇ ಬಿಗಿದ ತುಟಿಯಲ್ಲಿ ಹೇಳಿದಳು. ಮೊಬೈಲಿನ ಧ್ವನಿ ನಿಂತಲ್ಲಿ ಅವಳು ನಿಲ್ಲಲಿಲ್ಲ. “ಶುಕ್ರವಾರ ತಂದ್ಕೊಡ್ತಾನಂತೆ” ಎಂಬ ಕೊನೆಯ ಮಾತನ್ನೂ ಹೇಳಿ, ಸೂಜಿಗಳನ್ನು ಒಂದೊಂದಾಗಿ ಅಂಗೈಗೆ ತೆಗೆದಳು. ತುಟಿಯಲ್ಲಿ ಒಂದು ಹನಿ ರಕ್ತವಿತ್ತು.

“ಯಾವ ತಾಯಿನೂ ಅಳ್ಲಿಲ್ಲ,” ಎಂದಳು. “ನಾನು ಮಷೀನು ತುಳೀತಾ ನಮ್ಮ ಅಕ್ಕನಿಗೆ ಹೇಳಿದ್ದು. ಈ ಬೊಂಬೆಗೆ ನಮ್ಮಂಗಡೀಲಿ ಮಗು ಅಂತೀವಿ. ಅದನ್ನ ಯಾರು ಕತ್ತರಿಸಿದ್ರೋ ನನಗೆ ಗೊತ್ತಿಲ್ಲ. ಆದ್ರೆ ನೆನ್ನೆ ಅದು ನನ್ನ ಫೋನಿಗೇ ವಾಪಸ್ ಬಂತು. ನಾನು ಕೇಳ್ಲಿಲ್ಲ. ಕೇಳ್ದೇನೇ ಕಳಿಸ್ದೆ. ಈ ತಾತ ಬರ್ತಾನೆ, ನೋಡ್ಕೊಳಿ ಅಂತ ನಾನೇ ಬರೆದೆ.”

ಟೈರ್ ಅಂಗಡಿಯವನ ಕೈ ಸಡಿಲಾಯಿತು. ತನ್ನ ಬೆರಳುಗಳನ್ನು ಇನ್ಯಾರದೋ ಎಂಬಂತೆ ನೋಡಿಕೊಂಡ. ಹಾಗಾದರೆ ಇವಳನ್ನು ಹಿಡಿಯಿರಿ ಎಂದು ಒಂದು ಧ್ವನಿ ಎದ್ದಿತು. ಗಂಡ ಹೇಳಿದ್ದು ಅದೇ. ಅವಳು ಓಡಲಿಲ್ಲ. ತಾತನ ಪಕ್ಕದಲ್ಲಿ ಮಂಡಿಯೂರಿ, ಅವನ ತಲೆಯನ್ನು ತೊಡೆಗಿಟ್ಟುಕೊಂಡು ಕೂತಳು. ಆ ಧ್ವನಿಗೆ ಜತೆ ಸಿಗಲಿಲ್ಲ. ಬರುವಾಗ ಒಂದೇ ಮೈಯಾಗಿ ಬಂದ ಗುಂಪು ಹೋಗುವಾಗ ಒಬ್ಬೊಬ್ಬರಾಗಿ, ಒಬ್ಬರ ಮುಖ ಒಬ್ಬರು ನೋಡದೆ ಕರಗಿತು.

ಆಸ್ಪತ್ರೆಯಲ್ಲಿ ತಾತನ ಹಣೆಗೆ ಐದು ಹೊಲಿಗೆ ಹಾಕಿದರು. ಪೊಲೀಸರು ಬಂದು ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡು, ಕರೆದಾಗ ಬರಬೇಕೆಂದು ತಿಳಿಸಿ ಹೋದರು. ಗಂಡ ಬಾಗಿಲ ಬಳಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ತಿಳಿಯದು. ಅವನು ಒಳಗೆ ಬಂದು ತಾತನಿಗೆ ನೀರು ಕುಡಿಸಿ, ಸ್ಕೂಟರಿನಲ್ಲಿ ಮನೆಗೆ ಬಿಡುತ್ತೇನೆಂದ.

ಅವಳು ತಾತನಿಗೆ ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಗುಂಪಿನ ಮುಂದೆ ಹೇಳಿದ್ದಕ್ಕಿಂತ ಅದು ಕಷ್ಟವಾಯಿತು. ತಾತ ತನ್ನ ಸುಣ್ಣದ ಉಗುರುಗಳನ್ನೇ ನೋಡುತ್ತಿದ್ದ. ಪರವಾಗಿಲ್ಲ ಎಂದು ಅವನು ಹೇಳಲಿಲ್ಲ.

“ಹನ್ನೆರಡು ವರ್ಷ ನಿನ್ನ ಕೈ ನೀರು ಕುಡಿದಿದ್ದೀನಿ,” ಎಂದ ಕೊನೆಗೆ. “ನನ್ನನ್ನೇ ಒಂದು ಮಾತು ಕೇಳಬಹುದಿತ್ತು.” ಹಣೆಯ ಪಟ್ಟಿ ಮುಟ್ಟಿಕೊಂಡು ಮತ್ತೆ ಹೇಳಿದ: “ನಿಮ್ಮ ಬೀದಿಯೋರು ನಿನ್ನ ಮಾತು ಕೇಳಿದ್ರು. ಸಂತೋಷ. ನಾನು ಸುತ್ತೋದು ಹದಿನಾಲ್ಕು ಬೀದಿ. ಅಲ್ಲಿಗೂ ಹೋಗಿರುತ್ತಲ್ಲ ಆ ಮಾತು? ಸೋಮವಾರ ಚೀಲ ಹೆಗಲಿಗೆ ಹಾಕ್ಕೊಬೇಕಾದ್ರೆ ನನಗೆ ಭಯ ಆಗುತ್ತಮ್ಮ.”

ಆ ಸಂಜೆ ಅವಳು ಗ್ರೂಪುಗಳಿಗೆಲ್ಲ ನಿಜ ಬರೆದು ಕಳಿಸಿದಳು. ಯಾರೋ ಇಬ್ಬರು ಕೈಮುಗಿದ ಚಿತ್ರ ಹಾಕಿದರು. ಅರ್ಧ ಗಂಟೆಯಲ್ಲಿ ಹೊಸತೊಂದು ಬಂತು: ಟೈಲರ್ ಹೆಂಗಸನ್ನು ಹೆದರಿಸಿ ಬಾಯಿ ಮುಚ್ಚಿಸಿದ್ದಾರೆ, ಎಚ್ಚರ. ಅವಳು ಅದನ್ನು ಓದಿ ಮೊಬೈಲನ್ನು ಬೋರಲು ಹಾಕಿದಳು. ಬೆರಳಲ್ಲಿ ಹೋದದ್ದು ಬೆರಳಲ್ಲಿ ವಾಪಸ್ ಬರುವುದಿಲ್ಲ ಎಂದು ತಿಳಿಯಿತು. ಹಾಗಾದರೆ ಕಾಲಲ್ಲೇ ಹೋಗಿ ತರಬೇಕು.

ಶನಿವಾರ ಬೆಳಿಗ್ಗೆ ಮೊದಲು ಪುಟ್ಟಿಯನ್ನು ಶಾಲೆಯ ಗೇಟಿನವರೆಗೆ ಬಿಟ್ಟಳು. ನಾದಿನಿಯ ಮನೆಗೆ ಹೋದಳು, ನರ್ಸಿನ ಮನೆಗೆ ಹೋದಳು. ಇಬ್ಬರಿಗೂ ನಿಂತು ಹೇಳಿದಳು. ನೀವು ಯಾರಿಗೆ ಕಳಿಸಿದಿರಿ ಎಂದು ಕೇಳಿ, ಆ ಮನೆಗಳಿಗೂ ಹೋದಳು. ಕೆಲವರು ಕೂರಿಸಿ ಮಾತಾಡಿಸಿದರು. ಒಬ್ಬರು, ಊರಿಗೆ ಬೆಂಕಿ ಹಚ್ಚಿ ಈಗ ಕೊಡ ಹಿಡಿದು ಹೊರಟಳು ಎಂದು ಮುಖದ ಮೇಲೇ ಬಾಗಿಲು ಹಾಕಿಕೊಂಡರು. ಹೌದಲ್ಲ, ನಿಜವಲ್ಲವೇ ಎಂದುಕೊಂಡು ಅವಳು ಮುಂದಿನ ಮನೆಗೆ ನಡೆದಳು.

ಮಾರುಕಟ್ಟೆಯ ಬಾಯಲ್ಲಿ ಸೊಪ್ಪಿನಕ್ಕ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದಳು. ತಲೆ ಎತ್ತಲಿಲ್ಲ. ಟೈಲರಮ್ಮ ಬುಟ್ಟಿಯ ಎದುರು ಕೂತಳು.

“ಅಂಥದ್ದು ದಿನಕ್ಕೆ ಹತ್ತು ಬರುತ್ತೆ,” ಎಂದಳು ಸೊಪ್ಪಿನಕ್ಕ. “ಒಂದನ್ನೂ ನಂಬಲ್ಲ ನಾನು. ಇದು ನೀವು ಕಳಿಸಿದ್ದು ಅಂತ ನಂಬಿದೆ. ಟೈಲರಮ್ಮ ಅಳೆಯದೆ ಕತ್ತರಿ ಹಾಕೋರಲ್ಲ ಅಂತ.”

ಟೈಲರಮ್ಮ ತಲೆ ತಗ್ಗಿಸಿದಳು. ಕಣ್ಣೀರು ಸೊಪ್ಪಿನ ಮೇಲಿದ್ದ ನೀರಿನೊಂದಿಗೆ ಸೇರಿತು.

“ಮೊದಲ ಏಟು ಹಾಕ್ಸಿದ್ದು ನನ್ನ ಕೂಗು,” ಎಂದಳು ಸೊಪ್ಪಿನಕ್ಕ ಮತ್ತೆ. “ನೆನ್ನೆಯಿಂದ ಗಂಟಲಲ್ಲಿ ಅನ್ನ ಇಳೀತಿಲ್ಲ.” ಅವಳು ಒದ್ದೆ ಗೋಣಿಯನ್ನು ಬುಟ್ಟಿಯ ಮೇಲೆ ಎಳೆದು, ಮೊಣಕಾಲು ಹಿಡಿದುಕೊಂಡು ಎದ್ದಳು. “ನಾನು ಹನ್ನೊಂದು ಜನಕ್ಕೆ ಕಳಿಸಿದ್ದೀನಿ. ದೂರ ಇದೆ, ನಡೀರಿ.”

ಮೂರನೆಯ ಮನೆ ಗೋಡೌನುಗಳ ಹಿಂದಿನ ಓಣಿಯಲ್ಲಿತ್ತು. ಇಬ್ಬರಿಗೂ ಪರಿಚಯವಿಲ್ಲದ ಮನೆ. ಸೊಪ್ಪಿನಕ್ಕ ಯಾರಿಗೆ ಕಳಿಸಿದ್ದಳೋ ಅವರು ಮುಂದಕ್ಕೆ ಕಳಿಸಿದ ಮನೆ. ಬಿಸಿಲು ನೆತ್ತಿಗೆ ಬಂದರೂ ಕಿಟಕಿಗಳು ಮುಚ್ಚಿದ್ದವು. ಟೈಲರಮ್ಮ ಬಾಗಿಲು ತಟ್ಟಿದಳು. ಒಳಗೆ ಆಡುತ್ತಿದ್ದ ಮಕ್ಕಳ ಸದ್ದು, ಯಾರೋ ಬಾಯಿಗೆ ಕೈ ಅಡ್ಡ ಇಟ್ಟಂತೆ, ತಟ್ಟನೆ ನಿಂತುಹೋಯಿತು. ಬಾಗಿಲಿಗೆ ಏನೋ ಭಾರವಾದದ್ದನ್ನು ಎಳೆದು ಒರಗಿಸಿದ ಶಬ್ದವಾಯಿತು.

“ಯಾರು?” ಹೆಣ್ಣು ಧ್ವನಿ ನಡುಗುತ್ತಿತ್ತು. ಅದು ಮೊನ್ನೆ ತನ್ನದಾಗಿದ್ದ ನಡುಕವೆಂದು ಟೈಲರಮ್ಮನಿಗೆ ತಿಳಿಯಿತು.

ಅವಳು ಬಾಗಿಲಿಗೆ ಹಣೆ ತಾಗುವಷ್ಟು ಹತ್ತಿರ ಹೋಗಿ, ಮಕ್ಕಳು ಬೆದರದಂತೆ ಮೆಲ್ಲಗೆ ಹೇಳಿದಳು.

“ಆ ಸುಳ್ಳು ನನ್ನ ಮನೆಯಿಂದ ಹೊರಟಿದ್ದು ತಾಯಿ. ವಾಪಸ್ ಕರ್ಕೊಂಡು ಹೋಗೋಕೆ ಬಂದಿದ್ದೀನಿ.”

ಇಬ್ಬರೂ ಬಿಸಿಲಿನಲ್ಲಿ ಕಾದು ನಿಂತರು. ಆಮೇಲೆ ಆ ಭಾರವನ್ನು ಹಿಂದಕ್ಕೆ ಸರಿಸುವ ಸದ್ದು ಕೇಳಿಸಿತು.